ಮೂರು ಸಲ ಬಿದ್ದ ಉಪ್ಪು

ಉಪ್ಪಿನ ವಿಷಯವನ್ನು ಹಗುರವಾಗಿ ಕಾಣುವವರು ಉಗಾಂಡದ ಮಸಾಕ ಪಟ್ಟಣದ ಆಚೆಯ ಆ ಮನೆಗೆ ಕಾಲಿಡುವ ಯೋಗ್ಯತೆಯುಳ್ಳವರಲ್ಲ. ಅಲ್ಲಿ ಒಂದು ಶನಿವಾರ ಮಧ್ಯಾಹ್ನ, ಬಾಳೆಕಾಯಿ ಬೇಯಿಸಿ ಹಿಸುಕಿದ ಮತೋಕೆಯ ಮೇಲೆ ಸುರಿಯುವ ಕಡಲೆಕಾಯಿ ಸಾರಿಗೆ ಮೂರು ಸಲ ಉಪ್ಪು ಬಿದ್ದಿತ್ತು. ಅವಳಿ ಹೆತ್ತವಳೆಂಬ ಬಿರುದಿನಿಂದ ಊರಿಗೆಲ್ಲ ನಾಲೊಂಗೊ ಆಗಿದ್ದ ಅತ್ತೆ ಮೊದಲ ತುತ್ತನ್ನು ಉಗುಳಿ, ರಾಜ್ಯವೊಂದು ಮುಳುಗಿದ ಸುದ್ದಿ ಕೇಳಿದವಳಂತೆ ಕಣ್ಣು ಮುಚ್ಚಿ ಕೂತಳು.

"ಉಪ್ಪು ಹಾಕಿದ್ಯಾ?"

ಮಂಡಿಯೂರಿ ಕೂತಿದ್ದ ಸೊಸೆ ನಸ್ಸಾಲಿ ಯೋಚಿಸಿದಳು. ಸಾರಿಗೆ ಉಪ್ಪು ಬೇಕೆಂಬುದು ಅವಳಿಗೆ ಗೊತ್ತು. ಎಷ್ಟು ಎಂಬುದು ಕೈಗೆ ಗೊತ್ತು. ಹಾಕಿದ್ದು ಮಾತ್ರ ಅವಳೊಳಗೆ ಎಲ್ಲೂ ಇರಲಿಲ್ಲ.

"ಗೊತ್ತಿಲ್ಲ ಅತ್ತೆ. ಹಾಕ್ಲಾ?"

"ನಾಲ್ಕನೇ ಸಲಾನಾ? ಹಾಕಮ್ಮ. ಸರೋವರ ಪಕ್ಕದಲ್ಲೇ ಇದೆ, ಅದನ್ನೂ ಸಮುದ್ರ ಮಾಡ್ಬಿಡು."

ನಸ್ಸಾಲಿ ಹುಟ್ಟಿದಾಗ ಕೆಲವು ನಿಮಿಷ ಉಸಿರಾಡಿರಲಿಲ್ಲ. ಹತ್ತು ವರ್ಷದವಳಿದ್ದಾಗ ಕಂಪಾಲದ ಡಾಕ್ಟರೊಬ್ಬರು ಅವಳ ತಲೆಯ ಚಿತ್ರ ಹಿಡಿದು, ಎರಡೂ ಪಕ್ಕದ ಪುಟ್ಟ ಜಾಗಗಳನ್ನು ಬೆರಳಿಂದ ತೋರಿಸಿದ್ದರು. "ಇಲ್ಲಿ ಹುಟ್ಟಿದಾಗಲೇ ಒಣಗಿಹೋಗಿದೆ. ಕಲಿತದ್ದು ನಿಲ್ಲುತ್ತೆ, ಕೈಗೆ ಹತ್ತಿದ ಕೆಲಸ ನಿಲ್ಲುತ್ತೆ. ನಡೆದದ್ದು ನಿಲ್ಲಲ್ಲ." ಹಾಗೇ ಆಯಿತು. ಆಫ್ರಿಕದ ರಾಜಧಾನಿಗಳೆಲ್ಲ ಅವಳಿಗೆ ಬಾಯಿಪಾಠ, ಶಾಲೆಯ ಒಂದು ದಿನವೂ ನೆನಪಿಲ್ಲ. ಅವಳು ಹೆಣೆದ ಚಾಪೆ ಸಂತೆಯಲ್ಲಿ ಮೊದಲು ಮಾರಾಟವಾಗುತ್ತಿತ್ತು. ವಾರದ ನಂತರ ಅದನ್ನೇ ಕಂಡು, "ಯಾರು ಹೆಣೆದಿದ್ದು, ಚೆನ್ನಾಗಿದೆ" ಎನ್ನುತ್ತಿದ್ದಳು. ಮಗಳು ನಾಂಕ್ಯ ಹುಟ್ಟಿದ ದಿನಾಂಕ ಅವಳಿಗೆ ಗೊತ್ತು. ಆ ದಿನ ಗೊತ್ತಿಲ್ಲ... ಹೆತ್ತ ನೋವು ಕೂಡ ಅವಳದಾಗಿ ಉಳಿದಿರಲಿಲ್ಲ.

ಸಾರಿನ ಪಾತ್ರೆ ತೊಳೆಯುವ ಮುನ್ನವೇ ನಾಲೊಂಗೊ ತೀರ್ಮಾನ ಹೇಳಿದಳು. ತೀರಿಹೋದ ಯಜಮಾನನ ಕೊನೆಯ ಕರ್ಮ ಮುಂದಿನ ತಿಂಗಳು. ಅಂದು ಮಂಬಾ ಮೀನನ್ನು ಲಾಂಛನವಾಗಿ ಉಳ್ಳ ತಮ್ಮ ಕುಲವೆಲ್ಲ ಅಂಗಳದಲ್ಲಿ ಸೇರುತ್ತದೆ. ಅವರೆದುರಿಗೇ ನಸ್ಸಾಲಿಯನ್ನು ತವರಿಗೆ ಕಳಿಸುವುದು. ಐದು ವರ್ಷದ ನಾಂಕ್ಯ ಕುಲದ ಮಗು, ಇಲ್ಲೇ ಇರುತ್ತಾಳೆ.

"ಅಮ್ಮ, ಅವಳು ನಾಂಕ್ಯಳ ತಾಯಿ" ಎಂದ ಮಗ ಕಿಜ್ಜಾ.

"ಬೆಳಿಗ್ಗೆ ಆಗಿದ್ದು ಮಧ್ಯಾಹ್ನ ಗೊತ್ತಿಲ್ಲದೋಳು ಮಗೂಗೆ ಏನೋ ಕಲಿಸ್ತಾಳೆ?"

ಅಂದಿನಿಂದ ನಸ್ಸಾಲಿ ಪ್ರತಿ ಬೆಳಿಗ್ಗೆ ಗಂಡನ ಮುಖ ನೋಡಿ ಕೇಳುತ್ತಿದ್ದಳು: "ಏನಾದ್ರೂ ಕೆಟ್ಟ ಸುದ್ದಿ ಇದ್ಯಾ?" ಸುಳ್ಳು ಹೇಳಲು ಬಾರದ ಕಿಜ್ಜಾ ಹೇಳುತ್ತಿದ್ದ. ಅವಳು ಮೊದಲ ಸಲ ಕೇಳಿದಂತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು... ಬೇರೆಯವರ ದುಃಖ ದಿನ ಕಳೆದಂತೆ ಹಳತಾಗುತ್ತದೆ. ಅವಳದಕ್ಕೆ ಆ ಸೌಕರ್ಯವೂ ಇರಲಿಲ್ಲ.

ಕರ್ಮದ ದಿನ ಬೆಳಿಗ್ಗೆ, ಕುಲದ ಹಿರಿಯ ಮುಬೀರು ವಾರಸುದಾರನ ಹೆಗಲಿಗೆ ಹೊದಿಸುವ ಮರದ ತೊಗಟೆಯ ವಸ್ತ್ರ ಹಿಡಿದು ನಿಂತ. ಹೊದಿಸುವ ಮುನ್ನ ವಾರಸುದಾರ ತನ್ನ ಒಂಬತ್ತು ತಲೆಮಾರು ಹೇಳಬೇಕು. ಕಿಜ್ಜಾ ಗಂಟಲು ಸರಿಮಾಡಿಕೊಂಡ.

"ನಾನು ಕಿಜ್ಜಾ, ಸೆಂಫುಮನ ಮಗ. ಸೆಂಫುಮ ಲುಬೋವನ ಮಗ. ಲುಬೋವ..." ಅವನು ಆಕಾಶ ನೋಡಿದ. ಆಕಾಶಕ್ಕೂ ಗೊತ್ತಿರಲಿಲ್ಲ.

"ದಿನಾ ಸಂಜೆ ಹೇಳ್ತಿದ್ನಲ್ಲೋ ನಿಮ್ಮಪ್ಪ" ಎಂದ ಮುಬೀರು.

"ಹೇಳ್ತಿದ್ರು. ನಾನು ರೇಡಿಯೋದಲ್ಲಿ ಫುಟ್ಬಾಲ್ ಕೇಳ್ತಿದ್ದೆ."

ಹೆಂಗಸರ ಚಾಪೆಯ ಮೇಲೆ ನಸ್ಸಾಲಿಯ ತುಟಿ ತೆರೆಯಿತು. ಮಾವ ಹಲಸಿನ ಮರದಡಿ ಕೂತು ವಂಶ ಹೇಳುತ್ತಿದ್ದಾಗ ಗೋಡೆಯಾಚೆ ಚಾಪೆ ಹೆಣೆಯುತ್ತಿದ್ದವಳು ಅವಳೇ. ಅಂಥ ಒಂದು ಸಂಜೆಯೂ ಅವಳಿಗೆ ನೆನಪಿಲ್ಲ. ಹೆಸರುಗಳು ಮಾತ್ರ ಒಂಬತ್ತೂ ಇವೆ. ಆದರೆ ಬೇರೆ ಕುಲದಿಂದ ಬಂದ ಹೆಂಡತಿ ಆ ಸಭೆಯಲ್ಲಿ ಅವನ್ನು ಉಚ್ಚರಿಸುವಂತಿಲ್ಲ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

ತಾಯಿಯ ಮುಖ ನೋಡಿದ ನಾಂಕ್ಯ ಎದ್ದು ನಿಂತಳು.

"ಲುಬೋವ ಮುಗುಂಬನ ಮಗ. ಮುಗುಂಬ ಬುಯೊಂಡೊನ ಮಗ..." ಮಗು ಎಲ್ಲೂ ತಡವರಿಸದೆ, ದ್ವೀಪದಿಂದ ದೋಣಿಯಲ್ಲಿ ಬಂದ ಒಂಬತ್ತನೆಯ ಅಜ್ಜನವರೆಗೆ ಹತ್ತಿ, ಅಲ್ಲಿಂದ ಯಾರೂ ಕೇಳದಿದ್ದರೂ ವಾಪಸು ಇಳಿದು ಬಂದಳು.

"ಯಾರು ಕಲಿಸಿದ್ದು, ತಾಯಿ?" ಎಂದ ಮುಬೀರು.

"ಅಮ್ಮ. ಬೆಳಿಗ್ಗೆ ಹೇಳ್ಕೊಡ್ತಾಳೆ. ಮಧ್ಯಾಹ್ನ ಮತ್ತೆ ಹೇಳ್ಕೊಡ್ತಾಳೆ. ಸಂಜೆ, 'ಅಯ್ಯೋ, ನಿಂಗೆ ಇದನ್ನ ಕಲಿಸೇ ಇಲ್ವಲ್ಲ' ಅಂತಾಳೆ."

ಮೊದಲು ನಕ್ಕವಳು ಯಾರೋ ಮುದುಕಿ. ಆಮೇಲೆ ಅಂಗಳವೇ ನಕ್ಕಿತು. ಮುಬೀರು ನಗಲಿಲ್ಲ. "ಹೇಳಿದೀವಿ ಅಂತ ನೆನಪಿಟ್ಕೊಂಡು ಸುಮ್ಮನಾದೋರು ನಾವು" ಎಂದು, ಮಗಳ ಹಿಂದೆ ಮಗ್ಗಿ ಒಪ್ಪಿಸುವ ಹುಡುಗನಂತೆ ಕಿಜ್ಜಾನಿಂದ ಒಂಬತ್ತೂ ಹೆಸರು ಹೇಳಿಸಿ, ವಸ್ತ್ರ ಹೊದಿಸಿದ. ನಂತರ ಎಲ್ಲರತ್ತ ತಿರುಗಿದ. "ಕುಲದ ಮುಂದೆ ಯಾರದಾದ್ರೂ ಮಾತಿದ್ಯಾ? ನಾಲೊಂಗೊ, ನಿಂದೇನೋ ಇದೆ ಅಂದಿದ್ದೆ."

ನಾಲೊಂಗೊ ಎದ್ದಳು. ಮೊಮ್ಮಗಳನ್ನು ನೋಡಿದಳು. ಆ ಮಗುವನ್ನು ಎದೆಗವುಚಿಕೊಂಡು ಕಣ್ಣೀರು ಸುರಿಸುತ್ತಿದ್ದ ಸೊಸೆಯನ್ನು ನೋಡಿದಳು... ಬಹಳ ಹೊತ್ತು ಸೊಂಟದ ಪಟ್ಟಿ ಸರಿಮಾಡಿಕೊಂಡಳು.

"ಇತ್ತು. ಮರೆತೋಯ್ತು" ಎಂದು ಕೂತಳು.

ನಸ್ಸಾಲಿ ಆ ಮನೆಯಲ್ಲೇ ಉಳಿದಳು. ಉಪ್ಪಿನ ಡಬ್ಬಿ ಅತ್ತೆಯ ಕೋಣೆಗೆ ಹೋಯಿತು.