ಕಾಣೆಯಾದ ಕಫದ ಗಾಜುಗಳು

ಸೋಮವಾರ ಬೆಳಿಗ್ಗೆ 10.40ಕ್ಕೆ ಠಾಣೆಗೆ ಬಂದ ದೂರು ಕಾನ್‌ಸ್ಟೇಬಲ್‌ನ ಇಪ್ಪತ್ತು ವರ್ಷದ ಸರ್ವೀಸಿನಲ್ಲೇ ಹೊಸದು. ಕ್ಷಯ ಪರೀಕ್ಷಾ ಲ್ಯಾಬುಗಳ ಮೇಲ್ವಿಚಾರಕಿ ಬರೆದುಕೊಟ್ಟಿದ್ದರು: ಕಫ ಸವರಿದ ಗಾಜುಗಳ ಪೆಟ್ಟಿಗೆ ಕಳವಾಗಿದೆ.

"ಕಫ ಕದಿಯೋಕೂ ಜನ ಇದಾರಾ ಸಾರ್?"

"ನೀನು ಬರಿ," ಎಂದರು ಇನ್ಸ್‌ಪೆಕ್ಟರ್. ಎಫ್‌ಐಆರ್ ದಾಖಲಾಯಿತು.

11.30ಕ್ಕೆ ಪಂಚನಾಮೆ. ಒಂದೇ ಕೋಣೆಯ ಲ್ಯಾಬು, ಒಂದೇ ಸೂಕ್ಷ್ಮದರ್ಶಕ, ಒಬ್ಬನೇ ತಂತ್ರಜ್ಞ. ಜನ ಅವನನ್ನು ಲ್ಯಾಬಣ್ಣ ಎನ್ನುತ್ತಿದ್ದರು. ಕಪಾಟಿನ ಬೀಗದ ಮೇಲೆ ಒಂದು ಗೀರೂ ಇರಲಿಲ್ಲ.

"ಪರೀಕ್ಷೆ ಮಾಡಿ ಮುಗಿದ ಗಾಜು ಯಾತಕ್ಕೆ ಮೇಡಂ?" ಎಂದರು ಇನ್ಸ್‌ಪೆಕ್ಟರ್.

"ಮೂರು ತಿಂಗಳಿಗೊಮ್ಮೆ ಬಂದು ಒಂದಷ್ಟು ಗಾಜು ಆರಿಸ್ಕೋತೀನಿ. ಇವರೇನು ಬರೆದಿದಾರೆ ಅಂತ ನೋಡದೆ ನಾನೇ ಮತ್ತೆ ಪರೀಕ್ಷೆ ಮಾಡ್ತೀನಿ. ಎರಡೂ ತಾಳೆ ಆಗ್ಬೇಕು."

ಇನ್ಸ್‌ಪೆಕ್ಟರ್ ರಿಜಿಸ್ಟರ್ ತಿರುವಿದರು. ರೋಗವಿದ್ದವರ ಸಾಲು ಕೆಂಪು ಶಾಯಿಯಲ್ಲಿ. ಹಿಂದೆಲ್ಲ ತಿಂಗಳಿಗೆ ನಾಲ್ಕಾರು ಕೆಂಪು. ಕಳೆದೆರಡು ತಿಂಗಳು ಬರೀ ನೀಲಿ.

"ಕಾಯಿಲೆ ರಜೆ ಹಾಕಿದೆಯೇನಣ್ಣಾ? ಈ ಸಾಲು ಸ್ವಲ್ಪ ಓದಿ."

ಲ್ಯಾಬಣ್ಣ ಪುಟವನ್ನು ಮೂಗಿನ ತುದಿಗೆ ತಂದುಕೊಂಡ. ಓದಿದ. ತಪ್ಪು ಓದಿದ.

"ಪೆಟ್ಟಿಗೆ ಎಲ್ಲಿ?"

"ಮನೇಲಿದೆ ಸಾರ್. ಮಂಚದ ಕೆಳಗೆ."

1.15ಕ್ಕೆ ಅವನ ಮನೆಯಲ್ಲಿ ಪೆಟ್ಟಿಗೆ ಜಪ್ತಿಯಾಯಿತು. ಅದರ ಮೇಲೊಂದು ಪಟ್ಟಿ: ಆ ಎರಡು ತಿಂಗಳು ಕಫ ಕೊಟ್ಟವರ ನಲವತ್ತೊಂದು ವಿಳಾಸ, ಮೂವತ್ತೆಂಟಕ್ಕೆ ಗುರುತು. ಅಕ್ಷರ ಹೆಂಡತಿಯದು.

"ಇವರ ಕೈ ಹಿಡಿದು ಮನೆಮನೆಗೆ ಕರ್ಕೊಂಡು ಹೋದೋಳು ನಾನೇ," ಎಂದಳು ಆಕೆ. "ಮತ್ತೆ ಕಫ ಕೊಡಿ ಅಂತ ಬೇಡಿ, ಎರಡು ಬಸ್ ಹತ್ತಿ ದೊಡ್ಡ ಲ್ಯಾಬಿಗೆ ಕೊಟ್ವಿ. ಏಳು ಜನಕ್ಕೆ ರೋಗ ಇತ್ತು. ಮಾತ್ರೆ ಶುರುವಾಗಿದೆ. ಇವರಿಗೆ ಬುದ್ಧಿ ಬಂದಿದ್ದು ನಾನು ಬೈದ ಮೇಲೆ."

"ಕಣ್ಣಿಗೆ ಪೊರೆ ಬಂದಿದೆ ಅಂತ ನಂಗೊಂದು ಮಾತು ಹೇಳಬಾರದಿತ್ತಾ?" ಮೇಲ್ವಿಚಾರಕಿಯ ಧ್ವನಿ ಸಣ್ಣಗಾಗಿತ್ತು.

"ಮುಂಚೆ ಇದ್ದೋರು ಹೋದ್ಮೇಲೆ, ನಾನು ವರ್ಗವಾಗಿ ಬರೋವರೆಗೂ, ಆ ರೂಮಿಗೆ ಹದಿನಾಲ್ಕು ತಿಂಗಳು ಬೀಗ ಮೇಡಂ. ಎರಡು ಬಸ್ ಹತ್ತಿ ಯಾರು ಹೋಗ್ತಾರೆ, ಕೆಮ್ಕೊಂಡು?"

ಆ ಹದಿನಾಲ್ಕು ತಿಂಗಳೂ ಹೊಸ ತಂತ್ರಜ್ಞ ಬೇಕೆಂದು ಅರ್ಜಿ ಬರೆದವರು ಮೇಲ್ವಿಚಾರಕಿಯೇ.

"ಅದಷ್ಟೇನಾ?" ಎಂದರು ಇನ್ಸ್‌ಪೆಕ್ಟರ್.

ಲ್ಯಾಬಣ್ಣ ಮಂಚದ ಅಂಚಿಗೆ ಕೂತ. "ಇಲ್ಲ ಸಾರ್. ಮೂವತ್ತು ವರ್ಷದಲ್ಲಿ ನನ್ನ ಒಂದು ಗಾಜೂ ತಪ್ಪಾಗಿರ್ಲಿಲ್ಲ."

ಕಾನ್‌ಸ್ಟೇಬಲ್ ಬಂಧನ ಪತ್ರ ತುಂಬಿದ. "ವೇಳೆ ಎಷ್ಟು ಅಂತ ಹಾಕ್ಲಿ ಸಾರ್?"

ಇನ್ಸ್‌ಪೆಕ್ಟರ್ ಪಟ್ಟಿ ನೋಡುತ್ತಿದ್ದರು. "ಆ ಜಾಗ ಖಾಲಿ ಬಿಡು. ಇನ್ನೂ ಮೂರು ಮನೆ ಇವೆ."

ಮೊದಲ ಮನೆಯಲ್ಲಿ ದರ್ಜಿ, ಎರಡನೆಯದರಲ್ಲಿ ಒಬ್ಬ ಅಜ್ಜಿ ಡಬ್ಬಿಯಲ್ಲಿ ಕಫ ಕೊಟ್ಟರು. ಮೂರನೆಯ ಮನೆಯವಳು ಪೊಲೀಸರನ್ನು ಕಂಡು ಬಾಗಿಲು ಹಾಕಿಕೊಂಡಳು. ಲ್ಯಾಬಣ್ಣ ಹೊಸ್ತಿಲಲ್ಲಿ ಕೂತು, ಖಾಲಿ ಡಬ್ಬಿಯನ್ನು ಸಂದಿಯಿಂದ ಒಳಗೆ ಸರಿಸಿ, ಹೊರಗಿನಿಂದಲೇ ಹೇಳಿದ: "ತಪ್ಪು ನಂದು ತಾಯಿ, ಇವರು ಬಂದಿರೋದು ನನಗೋಸ್ಕರ. ದೀರ್ಘವಾಗಿ ಉಸಿರು ಎಳ್ಕೊಂಡು, ಎದೆಯಿಂದ ಕೆಮ್ಮಿ ಕೊಡಮ್ಮಾ. ನಾನು ಕಾಯ್ತೀನಿ."

ಬಾಗಿಲ ಸಂದಿಯಿಂದ ಡಬ್ಬಿ ಹೊರಬಂತು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ ಬಂಧನ ಪತ್ರದಲ್ಲಿ ತಾವೇ ಬರೆದರು: ಸಂಜೆ 4.50.