ಹೂಜಿಗಿಡಕ್ಕೆ ಉಣಿಸಿದ ಕೈ

"ಬೇಡಿ ಅತ್ತೆಮ್ಮ! ಬೇಕಾದ್ರೆ ನನ್ನೇ ಕಡೀರಿ... ಅದನ್ನ ಮಾತ್ರ ಮುಟ್ಬೇಡಿ!"

ಬೆಟ್ಟಮ್ಮ ಹಿತ್ತಿಲ ಜಗಲಿಯ ಕಂಬವನ್ನು ತಬ್ಬಿ ನಿಂತುಬಿಟ್ಟಳು. ಕಂಬಕ್ಕೆ ಹಬ್ಬಿದ್ದ ಬಳ್ಳಿಯ ಒಂದೊಂದು ಎಲೆಯ ತುದಿಯಲ್ಲೂ ಮುಚ್ಚಳವಿದ್ದ ಪುಟ್ಟ ಹೂಜಿ ನೇತಾಡುತ್ತಿತ್ತು. ಎದುರಿಗೆ ಕತ್ತಿ ಎತ್ತಿ ನಿಂತಿದ್ದವಳು ಅತ್ತೆ ಹುಲಿಯಮ್ಮ.

"ಹುಳ ತಿನ್ನೋ ಗಿಡ ಮಡಿಕಂಡು ಯಾವ ಮನೆ ಉದ್ಧಾರ ಆಗೈತೆ? ಹುಳ ಸಾಲ್ದೆ ನನ್ ಮಗನ್ನೂ ತಿಂದ್ಬುಡ್ತು ಕಣೇ!"

ಮಗ ಅಣ್ಣಯ್ಯ ಮಾರನಹಳ್ಳಿಯ ಹತ್ತಿರದ ಎಸ್ಟೇಟಿನಲ್ಲಿ ಇಂಗ್ಲಿಷ್ ದೊರೆಯ ಹೂದೋಟ ನೋಡಿಕೊಳ್ಳುತ್ತಿದ್ದವನು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಿಗೆ ದೊರೆ ಊರು ಬಿಟ್ಟಾಗ, ಮಲಯಾದ ಬೆಟ್ಟಗಳಿಂದ ತಂದಿದ್ದ ಈ ಗಿಡವನ್ನು ಅವನ ಕೈಗಿಟ್ಟು ಹೋದ. ಬಿಸಿಲು ತಾಗದಂತೆ, ರಾತ್ರಿಯ ತಂಪು ತಪ್ಪದಂತೆ, ಬರೀ ಮಳೆನೀರು ಚಿಮುಕಿಸಿ ಗಂಡಹೆಂಡಿರು ಅದನ್ನು ಕೂಸಿನಂತೆ ಸಾಕಿದರು. ಬೇರೆ ಕೂಸು ಅವರಿಗೆ ಆಗಲಿಲ್ಲ. ಕಳೆದ ಮಾಗಿಯ ಜ್ವರಕ್ಕೆ ಅಣ್ಣಯ್ಯ ಹೋಗಿಬಿಟ್ಟ. ಅವನದೊಂದು ಫೋಟೋ ಕೂಡ ಇಲ್ಲದ ಮನೆಯಲ್ಲಿ ಅವನದೆಂದು ಬೆಟ್ಟಮ್ಮನಿಗೆ ಉಳಿದದ್ದು ಆ ಗಿಡವೊಂದೇ.

ಹುಲಿಯಮ್ಮ ಸೊಸೆಯನ್ನು ಪಕ್ಕಕ್ಕೆ ತಳ್ಳಿದಳು. ಕತ್ತಿ ಬೀಸಬೇಕು, ಅಷ್ಟರಲ್ಲಿ ಬಳ್ಳಿಯನ್ನು ಕಂಬಕ್ಕೆ ಕಟ್ಟಿದ್ದ ಬಟ್ಟೆ ಕಣ್ಣಿಗೆ ಬಿತ್ತು. ಮಗನ ಕೆಂಪಂಚಿನ ಪಂಚೆಯ ಚೂರು! ಎಡಚನಾದ ಅವನು ಚಿಕ್ಕಂದಿನಿಂದ ಹಾಕುತ್ತಿದ್ದ ಅದೇ ಅಡ್ಡಾದಿಡ್ಡಿ ಗಂಟು!

"ಅಯ್ಯೋ... ಇದು ನನ್ ಕೂಸಿನ ಗಂಟು ಕಣೇ..." ಎಂದು ಅವಳು ನೆಲಕ್ಕೆ ಕುಸಿದಳು.

ಅಂದಿನಿಂದ ಅತ್ತೆಯ ಮನಸ್ಸು ಕರಗಿತು. ಅದಾದ ಕೆಲವೇ ದಿನಗಳಲ್ಲಿ ತಾಯಿಗೆ ಹುಷಾರಿಲ್ಲವೆಂದು ಬೆಟ್ಟಮ್ಮ ಗಿಡದ ಆರೈಕೆ ವಿವರಿಸಲೂ ಪುರುಸೊತ್ತಿಲ್ಲದೆ ಪಾಳ್ಯದ ತವರಿಗೆ ಹೋದಳು. ತಿಂಗಳು ಕಳೆದು ಬಂದವಳನ್ನು ಹುಲಿಯಮ್ಮ ಕೈಹಿಡಿದು ಹಿತ್ತಿಲಿಗೆ ಎಳೆದೊಯ್ದಳು.

"ನೀನಿಲ್ಲ ಅಂತ ಉಪಾಸ ಕೆಡವ್ಲಿಲ್ಲ ಕಣೇ. ಸಗಣಿ ಗಂಜ್ಲ ಕಲಸಿ ದಿನಾ ನಾನೇ ಹುಯ್ದಿವ್ನಿ. ನನ್ ಮಗನ ಗಿಡ ಸೊರಗ್ಬಾರ್ದು!"

ಎಲೆಗಳು ಕಪ್ಪಾಗಿದ್ದವು, ಹೂಜಿಗಳು ಒಣಗಿ ಜೋತುಬಿದ್ದಿದ್ದವು. ಊರಿನ ಗಿಡಗಳೆಲ್ಲ ಬಾಯಿ ಚಪ್ಪರಿಸುವ ಗೊಬ್ಬರ ಈ ಗಿಡದ ಬೇರನ್ನೇ ಸುಡುತ್ತದೆಂದು ಅಣ್ಣಯ್ಯ ಹೆಂಡತಿಗೆ ಹೇಳಿದ್ದ. ಗಿಡದ ಹತ್ತಿರವೇ ಸುಳಿಯದಿದ್ದ ತಾಯಿಗೆ ಹೇಳುವ ಪ್ರಸಂಗ ಬಂದಿರಲಿಲ್ಲ. ಬೆಟ್ಟಮ್ಮ ಬೇರು ತೊಳೆದಳು, ತಂಪಿಗೆಂದು ಅದಕ್ಕೆ ಹೊಸ ಪಾಚಿ ಸುತ್ತಿದಳು, ದೇವರಿಗೆ ಹರಕೆ ಹೊತ್ತಳು... ಯಾವುದೂ ಫಲಿಸಲಿಲ್ಲ. ಒಂದು ಬೆಳಿಗ್ಗೆ ಬಳ್ಳಿ ಬುಡದಿಂದಲೇ ಕೊಳೆತು ಕೈಗೆ ಬಂತು.

ಹುಲಿಯಮ್ಮನ ಮುಖ ಬಿಳಿಚಿಕೊಂಡಿತು. "ನಿಜ ಹೇಳೇ... ನಾನೇನಾದ್ರೂ ತಪ್ಪು ಮಾಡ್ಬುಟ್ನಾ? ಅವನ್ನ ನನ್ ಕೈಯಾರೆ ಕೊಂದ್ಬುಟ್ನಾ?"

ನಿಜ ಬೆಟ್ಟಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆಯ ಮುಖ ನೋಡಿ ನುಂಗಿಕೊಂಡಳು.

"ಇಲ್ಲ ಅತ್ತೆಮ್ಮ... ಈ ಸಲದ ಸೆಕೆ ಅದಕ್ಕಾಗ್ಲಿಲ್ಲ. ನೀವು ನೋಡ್ಕಂಡಿದ್ದಕ್ಕೇ ಇಷ್ಟು ದಿನ ಉಳೀತು."

"ಹಂಗಂತೀಯಾ...?" ಎಂದು ಮುದುಕಿ ನಿಟ್ಟುಸಿರು ಬಿಟ್ಟು, ಸೊಸೆಯ ತಲೆ ಸವರಿದಳು.

ಅಂದು ಹುಲಿಯಮ್ಮ ಹೊಟ್ಟೆ ತುಂಬ ಉಂಡಳು. ಬಡಿಸಿದ ಬೆಟ್ಟಮ್ಮ ಮಾತ್ರ ತನ್ನ ತಟ್ಟೆ ಮುಟ್ಟಲಿಲ್ಲ.