ಕಾವಲುಗಾರರ ಜಗಳ

"ಮೂರು ಮೇಲ್ ಹಾಕಿದೆ. ಒಂದಕ್ಕಾದ್ರೂ 'ಬೇಡ' ಅಂತ ಬರೀಬಹುದಿತ್ತು," ಎಂದ ಡಬ್ಬಿಂಗ್ ಕಲಾವಿದ, ತನ್ನ ಹೊಸ ಕನ್ನಡಕಕ್ಕೆ ಕೈಚಾಚುತ್ತ.

ಗಾಜು ಒರೆಸುತ್ತಿದ್ದ ಕಣ್ಣು ಪರೀಕ್ಷಕಿಯ ಕೈ ಅಲ್ಲೇ ನಿಂತಿತು. "ಮೂರಾ? ನಂಗೆ ಒಂದೂ ಬಂದಿಲ್ಲ."

ಹಿಂದಿನ ವಾರ ಅವಳೇ ಹೇಳಿದ್ದಳು: ಬೇರೆ ಊರಿನ ಕಣ್ಣಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಶುಕ್ರವಾರ ಉತ್ತರ ಕೊಡಬೇಕು, ಅಷ್ಟರಲ್ಲಿ ನಿಮಗೇನಾದರೂ ಹೇಳುವುದಿದ್ದರೆ ಬರೆಯಿರಿ. ಗೋಡೆಯ ಅಕ್ಷರ ಓದಬೇಕಾದವನು ಅವಳ ಕಿವಿಯ ಪಕ್ಕದ ಕೂದಲೆಳೆ ನೋಡುತ್ತ, ಇದ್ದದ್ದನ್ನು ಬಿಟ್ಟು ಬೇರೇನೋ ಓದಿದ್ದ.

"ಬೆಳಿಗ್ಗೆ ಒಪ್ಕೊಂಡೆ," ಎಂದಳು ಈಗ. "ಭಾನುವಾರ ಹೊರಡ್ತೀನಿ."

ಅವನ ಮುಖ ಸಪ್ಪಗಾಯಿತು.

ಕನ್ನಡಕದಂಗಡಿಯ ಒಡತಿ, ಪರೀಕ್ಷಕಿಯ ಅತ್ತಿಗೆ, ಗಲ್ಲಾದಿಂದಲೇ ಕೂಗಿದಳು: "ಏನ್ರೀ, ಊರವರ ದನಿಯೆಲ್ಲಾ ತೆಗೀತೀರಿ, ಎದುರಿಗೆ ಬಂದು ಹೇಳೋಕೆ ನಿಮ್ಮ ಗಂಟಲಿಗೇನಾಗಿತ್ತು?"

"ಬರೀರಿ ಅಂದ್ರು, ಬರೆದೆ. ನೋಡಿ!" ಎಂದು ಫೋನ್ ಚಾಚಿದ. ಮೂರೂ ಹೋಗಿದ್ದವು.

ಪರೀಕ್ಷಕಿ ಕೆಳತುಟಿ ಕಚ್ಚಿದಳು. ಲಾಟರಿ, ಸಾಲ, ತೂಕ ಇಳಿಸುವ ಪುಡಿಗಳ ಮೇಲ್ ಮುತ್ತಿಗೆ ಹಾಕಿದಾಗ ಅವಳೊಂದು ಪರಿಶೀಲನಾ ಸೇವೆ ಹಾಕಿಸಿಕೊಂಡಿದ್ದಳು. ಗುರುತಿಲ್ಲದವರು ಬರೆದರೆ ಅದು ಮೇಲನ್ನು ತಡೆದು, ನೀವು ಮನುಷ್ಯರೇ ಎಂದು ಅವರನ್ನೇ ಕೇಳುತ್ತದೆ. ಲಿಂಕ್ ಒತ್ತಿದರೆ ಮಾತ್ರ ಒಳಗೆ ಪ್ರವೇಶ.

"ಆ ಪ್ರಶ್ನೆ ಬಂದಿರ್ಬೇಕಲ್ಲ?"

"ಯಾವ ಪ್ರಶ್ನೆನೂ..." ಅವನು ಮಾತು ನುಂಗಿದ. "ಅಯ್ಯೋ. ನಾನೂ ಅಂಥದ್ದನ್ನೇ ಹಾಕಿಸ್ಕೊಂಡಿದ್ದೀನಿ!"

ಪ್ರಶ್ನೆ ಬಂದಿದ್ದು ಅವಳ ಹೆಸರಿನಲ್ಲಲ್ಲ, ಸೇವೆಯ ಹೆಸರಿನಲ್ಲಿ. ಗುರುತಿಲ್ಲವೆಂದು ಅವನ ಸೇವೆ ಅದನ್ನು ಹೊರಗೇ ಕೂರಿಸಿತ್ತು.

ಅವನು ಬಲಕ್ಕೆ ತಿರುಗಿ ಗಡಸು ದನಿ ತೆಗೆದ: "ಯಾರಪ್ಪಾ ನೀನು? ಮನುಷ್ಯನಾ?" ಎಡಕ್ಕೆ ತಿರುಗಿ ಮೂಗಿನಲ್ಲಿ: "ನನ್ನ ಕೇಳೋಕೆ ನೀನ್ಯಾರಯ್ಯಾ? ಮೊದ್ಲು ನೀನು ಮನುಷ್ಯನಾ ಹೇಳು!"

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೂ ನಕ್ಕಳು, ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. "ಈ ಕಾವಲುಗಾರರಿಬ್ರೂ ಬಾಗಿಲಲ್ಲಿ ಜಗಳ ಆಡ್ತಿದ್ರು. ನಾವಿಬ್ರೂ ಒಳಗೆ ಮುಖ ಊದಿಸ್ಕೊಂಡು ಕೂತಿದ್ವಿ."

ಅವನು ತನ್ನ ಸೇವೆ ತಡೆದಿಟ್ಟಿದ್ದ ಆ ಪ್ರಶ್ನೆಯನ್ನು ಹುಡುಕಿ ಲಿಂಕ್ ಒತ್ತಿದ. ಅವಳ ಫೋನ್ ಟಣ್ ಎಂದಿತು. ಅವಳು ಅದನ್ನು ಮಗುಚಿಟ್ಟಳು.

"ಆಮೇಲೆ ಓದ್ತೀನಿ. ಏನಿದೆ ಅದ್ರಲ್ಲಿ, ಬಾಯಲ್ಲೇ ಹೇಳಿ."

"ಹೋಗ್ಬೇಡಿ ಅಂತೇನೂ ಇಲ್ಲ." ಅವನು ಫೋನನ್ನು ಜೇಬಿಗಿಳಿಸಿದ. "ನೀವಂದ್ರೆ ನಂಗಿಷ್ಟ ಅಂತಿದೆ. ಮೂರರಲ್ಲೂ ಅದೇ. ಎರಡನೇದ್ರಲ್ಲಿ ಮಾತ್ರ ಸ್ವಲ್ಪ ಸುತ್ತಿ ಬಳಸಿ ಬರೆದಿದ್ದೀನಿ."

ಅವಳು ಕನ್ನಡಕವನ್ನು ಅವನ ಮೂಗಿಗೇರಿಸಿ, ಕಿವಿಯ ಹಿಂದೆ ಕಡ್ಡಿ ಸರಿಪಡಿಸಿದಳು. ಸರಿಯಾದ ಮೇಲೂ ಬೆರಳು ಅಲ್ಲೇ ಇತ್ತು.

"ಬಸ್ಸಲ್ಲಿ ಎರಡು ಗಂಟೆ ದಾರಿ," ಎಂದಳು.

"ವಾರವಾರ ಕಣ್ಣು ತೋರಿಸ್ಕೋಬೇಕಾ ಡಾಕ್ಟ್ರೇ?"

"ಬೇರೆ ಯಾರಿಗೂ ಬೇಡ," ಎಂದು ಅವಳು ಬೆರಳು ತೆಗೆದಳು. "ನೀವು ಬನ್ನಿ."